ಹಳ್ಳಿ ರಸ್ತೆಯ ಹಿಮ ತೆಗೆಯೋರು ಯಾರು? ಮಿಶಿಗನ್‌ನ ಒಂದು ಹಳೇ ಜಗಳ

ಮಿಶಿಗನ್ ರಾಜ್ಯದ ಉತ್ತರದ ಹಳ್ಳಿಗಾಡಿನಲ್ಲಿ ಕೆಲವು ಮಣ್ಣು ರಸ್ತೆಗಳ ಬಾಯಲ್ಲೇ ಒಂದು ಪುಟ್ಟ ಬೋರ್ಡ್ ನೆಟ್ಟಿರುತ್ತಾರೆ. ಅದರ ಮೇಲೆ 'ಸೀಸನಲ್ ರೋಡ್' ಎಂದಿರುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿ ಹಿಮ ತೆಗೆಯುವುದಿಲ್ಲ, ಬಂದರೆ ನಿಮ್ಮ ಹಣೆಬರಹ ಎಂದು ಅದರ ಅರ್ಥ. ಜುಲೈನಲ್ಲಿ ಮನೆ ನೋಡಲು ಬಂದವರು ಈ ಬೋರ್ಡ್ ಕಡೆ ಕಣ್ಣು ಹಾಯಿಸುವುದು ಕಡಿಮೆ. ಸುತ್ತ ಹಸಿರು, ಹತ್ತಿರದಲ್ಲೇ ಕೆರೆ, ಪೇಟೆಗಿಂತ ಅಗ್ಗದ ಜಾಗ. ಬೋರ್ಡ್ ಓದುವ ಪುರುಸೊತ್ತು ಯಾರಿಗಿದೆ? ಅದರ ಅರ್ಥ ಹೊಳೆಯುವುದು ಡಿಸೆಂಬರ್‌ನಲ್ಲಿ, ಮೊಣಕಾಲುದ್ದ ಹಿಮ ಬಿದ್ದ ಬೆಳಿಗ್ಗೆ.

ಆಗ ಫೋನ್ ಶುರುವಾಗುತ್ತದೆ. ಮೊದಲು ಟೌನ್‌ಶಿಪ್ ಆಫೀಸಿಗೆ, ಅಂದರೆ ಅಲ್ಲಿನ ಪಂಚಾಯಿತಿಗೆ. ಅವರು ಕೌಂಟಿಯನ್ನು, ಅಂದರೆ ಜಿಲ್ಲೆಯವರನ್ನು ಕೇಳಿ ಅನ್ನುತ್ತಾರೆ. ಕೌಂಟಿಯವರು ನಕ್ಷೆ ನೋಡಿ, ಆ ರಸ್ತೆ ನಮ್ಮ ಪಟ್ಟಿಯಲ್ಲಿ ಇಲ್ಲ ಅನ್ನುತ್ತಾರೆ. ನಮಗೆ ಇದು ಹೊಸ ಮಾತೇನಲ್ಲ. ಮಲೆನಾಡಿನಲ್ಲಿ ಗುಂಡಿ ಬಿದ್ದ ರಸ್ತೆ ಹಿಡಿದು ಹೋದವರಿಗೆ ಇದು ಪಿಡಬ್ಲ್ಯುಡಿ ರಸ್ತೆಯಲ್ಲ, ಜಿಲ್ಲಾ ಪಂಚಾಯಿತಿದು, ಅಲ್ಲಲ್ಲ, ಅರಣ್ಯ ಇಲಾಖೆದು ಎಂಬ ಸುತ್ತಾಟ ಚೆನ್ನಾಗಿ ಗೊತ್ತು. ಒಂದೇ ವ್ಯತ್ಯಾಸ: ಗುಂಡಿ ಇದ್ದರೂ ಬೈಕ್ ದಾಟಿಸಿಕೊಂಡು ಹೋಗಬಹುದು. ಎರಡಡಿ ಹಿಮದಲ್ಲಿ ಅದೂ ಆಗುವುದಿಲ್ಲ.

ಅಮೆರಿಕದ ಹಳ್ಳಿಗಳಲ್ಲಿ ಪ್ರತಿ ಚಳಿಗಾಲ ಏಳುವ ಈ ಜಗಳವನ್ನು ಹೊರಗಿನಿಂದ ನೋಡಿದವರಿಗೆ ಲಾರಿ ಸಾಲದು, ದುಡ್ಡು ಸಾಲದು, ಅಧಿಕಾರಿಗಳು ಸೋಮಾರಿಗಳು ಅನ್ನಿಸುತ್ತದೆ. ಸ್ವಲ್ಪ ಸ್ವಲ್ಪ ಎಲ್ಲವೂ ನಿಜ. ಆದರೆ ನನ್ನ ಲೆಕ್ಕದಲ್ಲಿ ಅಸಲಿ ವಿಷಯ ಬೇರೆ. ರಸ್ತೆ ಯಾರ ಖಾತೆಯಲ್ಲಿದೆ ಅನ್ನುವುದು ಮೊದಲು. ಹಿಮ, ಲಾರಿ, ಉಪ್ಪು ಎಲ್ಲ ಆಮೇಲೆ.

ಮಿಶಿಗನ್‌ನ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿ 83 ಕೌಂಟಿಗಳಿವೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಅದರೊಳಗೆ ಟೌನ್‌ಶಿಪ್‌ಗಳು, ಇಡೀ ರಾಜ್ಯದಲ್ಲಿ 1,240. ಇವು ನಮ್ಮ ಗ್ರಾಮ ಪಂಚಾಯಿತಿಗೆ ಹತ್ತಿರ. ಹಳ್ಳಿಯವರು ವೋಟು ಹಾಕಿ, ಪಕ್ಕದ ಮನೆಯವರನ್ನೇ ಕೂರಿಸುವುದು ಟೌನ್‌ಶಿಪ್ ಬೋರ್ಡಿನಲ್ಲಿ. ಸಿಟ್ಟು ಬಂದಾಗ ಹೋಗಿ ಕೂಗಾಡುವುದೂ ಅಲ್ಲೇ. ತಮಾಷೆ ಏನೆಂದರೆ ಟೌನ್‌ಶಿಪ್ ಕೈಯಲ್ಲಿ ರಸ್ತೆಯೇ ಇಲ್ಲ. 1931ರವರೆಗೆ ಇತ್ತು. ಆ ವರ್ಷ ಮೆಕ್‌ನಿಟ್ ಕಾಯ್ದೆ ಬಂತು. ಮಹಾ ಆರ್ಥಿಕ ಕುಸಿತದ ಕಾಲ, ರೈತರಿಗೆ ಆಸ್ತಿ ತೆರಿಗೆ ಕಟ್ಟಲು ಗತಿ ಇರಲಿಲ್ಲ. ಟೌನ್‌ಶಿಪ್ ರಸ್ತೆಗಳನ್ನೆಲ್ಲ ಐದು ವರ್ಷಗಳಲ್ಲಿ ಹಂತಹಂತವಾಗಿ ಕೌಂಟಿಗೆ ದಾಟಿಸಿದರು. ಅಂದಿನಿಂದ ಹಳ್ಳಿ ರಸ್ತೆಯ ಯಜಮಾನ ಕೌಂಟಿಯ ರೋಡ್ ಕಮಿಷನ್. ಅದರ ಸದಸ್ಯರನ್ನು ಕೆಲವು ಕಡೆ ಜನ ಆರಿಸುತ್ತಾರೆ, ಕೆಲವು ಕಡೆ ಕೌಂಟಿ ನೇಮಿಸುತ್ತದೆ. ರಾಜ್ಯದ ಒಟ್ಟು ಸುಮಾರು 1,20,000 ಮೈಲಿ ರಸ್ತೆಯಲ್ಲಿ ಮುಕ್ಕಾಲು ಪಾಲು, ಅಂದರೆ ಸುಮಾರು 90,000 ಮೈಲಿ, ಕೌಂಟಿಗಳ ತಲೆ ಮೇಲಿದೆ. ರಾಜ್ಯ ಸರ್ಕಾರದ ಹೆದ್ದಾರಿ 10,000 ಮೈಲಿಗೂ ಕಡಿಮೆ.

ದುಡ್ಡು ಹಂಚುವುದು 1951ರ ಕಾಯ್ದೆ, 'ಆ್ಯಕ್ಟ್ 51' ಅಂತಲೇ ಅದರ ಹೆಸರು. ಪೆಟ್ರೋಲ್ ತೆರಿಗೆ ಮತ್ತು ಗಾಡಿ ನೋಂದಣಿ ಶುಲ್ಕದಿಂದ ಬಂದ ಹಣದಲ್ಲಿ, ಕೆಲವು ಕಡಿತಗಳ ನಂತರ, ರಾಜ್ಯ ಹೆದ್ದಾರಿಗೆ 39.1%, ಕೌಂಟಿಗಳಿಗೂ 39.1%, ನಗರ ಮತ್ತು ವಿಲೇಜ್‌ಗಳಿಗೆ (ಸ್ವಂತ ಆಡಳಿತವಿರುವ ಸಣ್ಣ ಊರುಗಳಿಗೆ) 21.8%. ಮೈಲಿ ಲೆಕ್ಕ ಒಂದು ಕಡೆ, ಈ ಪಾಲು ಒಂದು ಕಡೆ ಇಟ್ಟು ನೋಡಿ. ಹೆದ್ದಾರಿಗೆ ಎಷ್ಟು ಸಿಗುತ್ತದೋ ಅಷ್ಟೇ ಹಣದಲ್ಲಿ ಕೌಂಟಿಗಳು ಒಂಬತ್ತು ಪಟ್ಟು ಉದ್ದದ ರಸ್ತೆ ನೋಡಿಕೊಳ್ಳಬೇಕು. ಹೆದ್ದಾರಿಯ ಒಂದು ಮೈಲಿಗೂ ಹೊಲದ ಮಧ್ಯದ ಒಂದು ಮೈಲಿಗೂ ಒಂದೇ ಖರ್ಚಲ್ಲ, ಒಪ್ಪೋಣ. ಆದರೂ ಹೊಲದ ಮಧ್ಯದ ರಸ್ತೆ ಕೊನೆಗೆ ಉಳಿಯುವುದು ಯಾಕೆಂದು ಇಲ್ಲೇ ಗೊತ್ತಾಗುತ್ತದೆ. 2026ರ ಜನವರಿ 1ರಿಂದ ರಾಜ್ಯ ಪೆಟ್ರೋಲ್ ಮೇಲಿನ 6% ಮಾರಾಟ ತೆರಿಗೆ ಬಿಟ್ಟು, ಆ ಭಾರವನ್ನು ರಸ್ತೆಗೇ ಮೀಸಲಾದ ಇಂಧನ ತೆರಿಗೆಗೆ ಸೇರಿಸಿದೆ. ಜೊತೆಗೆ ಗಾಂಜಾ ಸಗಟು ವ್ಯಾಪಾರದ ಮೇಲೆ 24% ತೆರಿಗೆ ಹಾಕಿ ಅದನ್ನೂ ರಸ್ತೆಗೆ ತಿರುಗಿಸಿದೆ. ಗಾಂಜಾ ದುಡ್ಡಲ್ಲಿ ರಸ್ತೆ ರಿಪೇರಿ ಅಂದರೆ ನಮ್ಮೂರ ಹಿರಿಯರು ಏನೆನ್ನುತ್ತಿದ್ದರೋ!

ಈಗ ಒಂದು ಹಿಮದ ರಾತ್ರಿಯ ಕಥೆ. ಮುಂದೆ ಬಾಗಿದ ಉಕ್ಕಿನ ಹಲಗೆ, ಹಿಂದೆ ಉಪ್ಪು ಅಥವಾ ಮರಳು ತುಂಬಿದ ಲಾರಿ. ಅಲ್ಲಿಯವರ ಬಾಯಲ್ಲಿ ಅದು 'ಪ್ಲೋ'. ಎಲ್ಲ ಸಜ್ಜಾದ ಹೊಸ ಲಾರಿಗೆ ಈಗ ಮೂರು ಲಕ್ಷ ಡಾಲರ್ ಆಸುಪಾಸು. ಹಿಮ ತಳ್ಳುವಾಗ ಅದರ ವೇಗ ಗಂಟೆಗೆ 25ರಿಂದ 35 ಮೈಲಿ. ಮೊದಲು ಹೆದ್ದಾರಿ. ಅರವತ್ತಕ್ಕೂ ಹೆಚ್ಚು ಕೌಂಟಿಗಳು ರಾಜ್ಯದ ಹೆದ್ದಾರಿಯನ್ನೂ ಒಪ್ಪಂದದ ಮೇಲೆ ತಾವೇ ಗುಡಿಸುತ್ತವೆ. ಆಮೇಲೆ 'ಪ್ರೈಮರಿ' ಎಂದು ಗುರುತಿಸಿದ ಕೌಂಟಿ ರಸ್ತೆ. ಆಮೇಲೆ ಡಾಂಬರು ಹಾಕಿದ ಸಣ್ಣ ರಸ್ತೆ, ಆಮೇಲೆ ಜಲ್ಲಿ ರಸ್ತೆ, ಬಡಾವಣೆಯ ಒಳರಸ್ತೆ. ಅಷ್ಟರಲ್ಲಿ ಮತ್ತೆ ಹಿಮ ಬಿತ್ತೆನ್ನಿ, ಲಾರಿ ವಾಪಸ್ ಹೆದ್ದಾರಿಗೆ. ಕೊನೆಯ ರಸ್ತೆಯವರು ಎರಡು ದಿನ ಕಾಯ್ದರೂ ಯಾರೂ ಬರಲಿಲ್ಲ ಅನ್ನುವುದು ಸುಳ್ಳಲ್ಲ. ಅವರ ಸರದಿ ಬರುವ ಮೊದಲೇ ಪಟ್ಟಿ ಮತ್ತೆ ಮೇಲಿನಿಂದ ಶುರುವಾಗಿರುತ್ತದೆ.

ಜಲ್ಲಿ ರಸ್ತೆಯದು ಇನ್ನೊಂದು ಗೋಳು. ಅಲ್ಲಿ ಹಲಗೆಯನ್ನು ನೆಲಕ್ಕೆ ಒತ್ತುವಂತಿಲ್ಲ, ಒತ್ತಿದರೆ ಹಿಮದ ಜೊತೆ ಜಲ್ಲಿಯೂ ಕಿತ್ತು ಚರಂಡಿಗೆ ಹೋಗುತ್ತದೆ. ಉಪ್ಪು ಹಾಕುವಂತಿಲ್ಲ, ಹಾಕಿದರೆ ಗಟ್ಟಿಯಾಗಿ ಹೆಪ್ಪುಗಟ್ಟಿದ ನೆಲ ಕರಗಿ ಕೆಸರಾಗುತ್ತದೆ. ಅದಕ್ಕೇ ಹಲಗೆ ಸ್ವಲ್ಪ ಎತ್ತಿ ಹಿಡಿದು ತಳ್ಳಿ, ಮೇಲೆ ಮರಳು ಚೆಲ್ಲಿ ಹೋಗುತ್ತಾರೆ. ಕೆಳಗೆ ಎರಡಿಂಚು ಗಟ್ಟಿ ಹಿಮ ಉಳಿದೇ ಉಳಿಯುತ್ತದೆ. ಪೇಟೆಯಿಂದ ಹೊಸದಾಗಿ ಬಂದವರಿಗೆ ಇದು ಅರ್ಧಂಬರ್ಧ ಕೆಲಸದಂತೆ ಕಾಣುತ್ತದೆ. ಡಾಂಬರು ರಸ್ತೆಗೂ ಉಪ್ಪು ಸರ್ವರೋಗಕ್ಕೆ ಮದ್ದಲ್ಲ. ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ ಹೋದರೆ ಸಾದಾ ಉಪ್ಪಿನ ಆಟ ಹೆಚ್ಚು ನಡೆಯುವುದಿಲ್ಲ. ಇನ್ನು ಬಯಲು ಸೀಮೆಯ ಗಾಳಿ. ಬೆಳಿಗ್ಗೆ ತೆಗೆದ ಹಿಮವನ್ನು ಮಧ್ಯಾಹ್ನದ ಹೊತ್ತಿಗೆ ಪಕ್ಕದ ಹೊಲದಿಂದ ಹೊತ್ತು ತಂದು ಮತ್ತೆ ಅಲ್ಲೇ ಸುರಿದಿರುತ್ತದೆ. ಮಿನ್ನೆಸೋಟಾದಲ್ಲಿ ಹೆದ್ದಾರಿ ಪಕ್ಕದ ರೈತರಿಗೆ ಸರ್ಕಾರವೇ ದುಡ್ಡು ಕೊಟ್ಟು, ಮೆಕ್ಕೆಜೋಳದ ಕೆಲವು ಸಾಲುಗಳನ್ನು ಕೊಯ್ಯದೆ ಬಿಡಿ ಅನ್ನುತ್ತದೆ. ನಿಂತ ಮೆಕ್ಕೆಜೋಳದ ಕಡ್ಡಿಗಳೇ ಗಾಳಿಗೆ ಬೇಲಿ. ಇಡೀ ವ್ಯವಹಾರದಲ್ಲಿ ನನಗೆ ತುಂಬ ಹಿಡಿಸಿದ ಉಪಾಯ ಇದೇ.

ಮಿಶಿಗನ್‌ನ ಉತ್ತರ ತುದಿಯಲ್ಲಿ ಕಿವಿನಾ ಎಂಬ ಕೌಂಟಿಯಿದೆ. ಅಲ್ಲಿ ಯುಎಸ್ 41 ಹೆದ್ದಾರಿ ಪಕ್ಕ ಎತ್ತರದ ಅಳತೆ ಕಂಬವೊಂದನ್ನು ನಿಲ್ಲಿಸಿ, ಆ ವರ್ಷ ಬಿದ್ದ ಹಿಮವನ್ನು ಗುರುತು ಮಾಡುತ್ತಾರೆ. ದಾಖಲೆ 1978–79ರದು, 390.4 ಇಂಚು. ಅಂದರೆ ಮೂವತ್ತೆರಡು ಅಡಿಗೂ ಮೇಲೆ. ಒಟ್ಟಿಗೇ ಅಲ್ಲ, ಚಳಿಗಾಲ ಪೂರ್ತಿ ಬಿದ್ದದ್ದರ ಮೊತ್ತ. ಸುಪೀರಿಯರ್ ಸರೋವರದ ಮೇಲೆ ಹಾದು ಬರುವ ತಣ್ಣನೆ ಗಾಳಿ ನೀರಿನ ತೇವ ಹೀರಿಕೊಂಡು ಬಂದು ಈ ಗುಡ್ಡಗಳ ಮೇಲೆ ಸುರಿಯುತ್ತದೆ. ಇಂಥ ಕಡೆ ಇರುವವರು ಸಾಮಾನ್ಯವಾಗಿ ದೂರುವುದು ಕಡಿಮೆ. ಹಿಮ ಬರುತ್ತದೆ ಎಂದು ಅವರಿಗೆ ಗೊತ್ತು, ಲಾರಿಗಳೂ ಅದಕ್ಕೆ ತಕ್ಕಂತೆ ಇರುತ್ತವೆ. ಜಗಳ ಜಾಸ್ತಿ ಕೇಳಿಸುವುದು ನಡುವಿನ ಜಾಗಗಳಲ್ಲಿ, ಊರು ಬೆಳೆಯುತ್ತಾ ಹೊಲದೊಳಗೆ ನುಗ್ಗಿದ ಕಡೆ.

ಅಲ್ಲಿ ಏನಾಗಿದೆ ನೋಡಿ. ಒಬ್ಬ ದೊಡ್ಡ ಜಮೀನು ಕೊಂಡು ಎಂಟು ಹತ್ತು ತುಂಡು ಮಾಡುತ್ತಾನೆ. ಒಳಗೆ ಹೋಗಲು ದಾರಿ ಬೇಕಲ್ಲ. ಕೌಂಟಿಯ ಅಳತೆಯಂತೆ ರಸ್ತೆ ಮಾಡಿದರೆ 66 ಅಡಿ ಜಾಗ ಬಿಡಬೇಕು, ತಳಪಾಯ, ಚರಂಡಿ, ಕೊನೆಯಲ್ಲಿ ಲಾರಿ ತಿರುಗಲು ವೃತ್ತ ಎಲ್ಲ ಬೇಕು. ಖರ್ಚು ಜಾಸ್ತಿ. ಅದಕ್ಕೇ 'ಪ್ರೈವೇಟ್ ರೋಡ್' ಎಂದು ಬರೆಸಿ, ಎರಡು ಲೋಡ್ ಜಲ್ಲಿ ಸುರಿದು, ಸೈಟು ಮಾರಿ ಕೈತೊಳೆದುಕೊಳ್ಳುತ್ತಾನೆ. ಕೊಂಡವರಿಗೆ ಅದು ರಸ್ತೆಯ ಹಾಗೇ ಕಾಣುತ್ತದೆ. ಹೆಸರಿನ ಬೋರ್ಡೂ ಇದೆ, ಅಂಚೆಯೂ ಬರುತ್ತದೆ. ತೆರಿಗೆಯನ್ನೂ ಎಲ್ಲರ ಹಾಗೇ ಕಟ್ಟುತ್ತಾರೆ. ಪ್ಲೋ ಮಾತ್ರ ಬರುವುದಿಲ್ಲ. ಬೆಂಗಳೂರಿನ ಸುತ್ತ ಲೇಔಟ್ ಮಾಡಿದವನು ರಸ್ತೆ, ಚರಂಡಿಯನ್ನು ಪಾಲಿಕೆಗೋ ಪಂಚಾಯಿತಿಗೋ ಹಸ್ತಾಂತರ ಮಾಡದೇ ಹೋದಾಗ ಸೈಟುದಾರರು ಪಡುವ ಪಾಡು ಇದೇ ಅಲ್ವಾ? ಕಂದಾಯ ಕಟ್ಟಿದ್ದೇವೆ, ದೀಪ ಯಾಕಿಲ್ಲ ಅಂತ. ಅಲ್ಲಿ ಮಾತು ದೀಪದ್ದಲ್ಲ, ಹಿಮದ್ದು.

66 ಅಡಿ ಎಂಬ ಅಂಕಿ ನಮಗೆ ಪರಕೀಯವೇನಲ್ಲ. ಹದಿನೇಳನೇ ಶತಮಾನದ ಇಂಗ್ಲಿಷ್ ಸರ್ವೆಯವರ ಸರಪಳಿ 66 ಅಡಿ ಉದ್ದ. ಅಮೆರಿಕದ ಜಮೀನನ್ನು ಅದೇ ಸರಪಳಿಯಲ್ಲಿ ಅಳೆದರು. ಸೆಕ್ಷನ್ ಗೆರೆಯ (ಜಮೀನನ್ನು ಒಂದೊಂದು ಮೈಲಿ ಚೌಕವಾಗಿ ಕತ್ತರಿಸಿದ ಗಡಿಯ) ಈ ಕಡೆ 33 ಅಡಿ, ಆ ಕಡೆ 33 ಅಡಿ ಬಿಟ್ಟರೆ ರಸ್ತೆ. ನಮ್ಮ ಸರ್ವೆಯಲ್ಲಿ 33 ಅಡಿ ಉದ್ದ, 33 ಅಡಿ ಅಗಲದ ತುಂಡಿಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಅದೇ ಸರಪಳಿಯ ಅರ್ಧ. ಮಂಡ್ಯದ ಗದ್ದೆಯನ್ನೂ ಮಿಶಿಗನ್ನಿನ ಹಳ್ಳಿ ರಸ್ತೆಯನ್ನೂ ಒಂದೇ ಲೆಕ್ಕದಲ್ಲಿ ಅಳೆದಿದ್ದಾರೆ.

ಹಾಗಿದ್ದರೆ ಮುಖ್ಯ ರಸ್ತೆ ಗುಡಿಸುವ ಲಾರಿ ಹಾಗೇ ಒಳಗೆ ತಿರುಗಿ ಒಂದು ಸುತ್ತು ಹಾಕಿ ಬಂದರೆ ಏನು ಗಂಟು ಹೋಗುತ್ತದೆ? ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಕಾನೂನಿನಲ್ಲಿದೆ. ಸಾರ್ವಜನಿಕ ದುಡ್ಡಿನಲ್ಲಿ ಖಾಸಗಿ ದಾರಿಯ ಕೆಲಸ ಮಾಡಬಾರದು ಅನ್ನುವುದು ಒಂದು. ಇನ್ನೊಂದು ಅಷ್ಟು ಬೇಗ ಹೊಳೆಯುವುದಿಲ್ಲ. ಮಿಶಿಗನ್‌ನಲ್ಲಿ ಒಂದು ದಾರಿಯನ್ನು ಹತ್ತು ವರ್ಷ ಜನ ರಸ್ತೆಯಾಗಿ ಬಳಸಿ, ಸರ್ಕಾರಿ ಸಂಸ್ಥೆಯೇ ಅದನ್ನು ನೋಡಿಕೊಂಡಿದ್ದರೆ ಅದು ಸಾರ್ವಜನಿಕ ರಸ್ತೆಯಾಗಿಬಿಡುತ್ತದೆ. ಕಾಗದ ಪತ್ರ ಇಲ್ಲದಿದ್ದರೂ. ಅಂದರೆ ಇವತ್ತು ಪಾಪ ಅಂತ ಪ್ಲೋ ಹಾಕಿದ್ದು ನಾಳೆ ಕೋರ್ಟಿನಲ್ಲಿ ಸಾಕ್ಷಿಯಾಗಬಹುದು. ಆಮೇಲೆ ಆ ರಸ್ತೆಯ ಗುಂಡಿ, ಚರಂಡಿ, ಸೇತುವೆ ಎಲ್ಲ ಕೌಂಟಿಯ ತಲೆಗೆ. ಲಾರಿ ಡ್ರೈವರ್ ಕೈಬೀಸಿ ಮುಂದೆ ಹೋಗುವುದು ಕಲ್ಲೆದೆಯಿಂದಲ್ಲ. ಆಫೀಸಿನಲ್ಲಿ ಹಾಗೆ ಹೇಳಿ ಕಳಿಸಿರುತ್ತಾರೆ. ನಮ್ಮಲ್ಲೂ ನಕಾಶೆಯಲ್ಲಿ ಇಲ್ಲದ ದಾರಿಯಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದ ಮೇಲೆ ಜಮೀನಿನವನು ಬೇಲಿ ಹಾಕಿದರೆ ಏಳುವ ತಕರಾರು ಇದೇ ಜಾತಿಯದು.

ಪಕ್ಕದ ವಿಸ್ಕಾನ್ಸಿನ್ ಇದಕ್ಕೆ ಸರಳ ದಾರಿ ಕಂಡುಕೊಂಡಿದೆ. ಅಲ್ಲಿನ ಕಾನೂನಿನಂತೆ ಸ್ಥಳೀಯ ಸರ್ಕಾರ ಖಾಸಗಿ ರಸ್ತೆಯ, ಡ್ರೈವ್‌ವೇಯ (ಮನೆಯಿಂದ ರಸ್ತೆವರೆಗಿನ ಗಾಡಿ ದಾರಿಯ) ಹಿಮವನ್ನು ಒಪ್ಪಂದ ಮಾಡಿಕೊಂಡು ತೆಗೆಯಬಹುದು. ಲಾರಿ ಹೇಗೂ ಆ ಕಡೆ ಬರುತ್ತದೆ, ನೀವು ದುಡ್ಡು ಕೊಡಿ, ನಾವು ತೆಗೆಯುತ್ತೇವೆ, ಆದರೆ ರಸ್ತೆ ನಿಮ್ಮದೇ. ಹಳ್ಳಿಗೆ ಇಂಥ ವ್ಯವಸ್ಥೆಯೇ ಒಗ್ಗುತ್ತದೆ ಅನ್ನಿಸುತ್ತದೆ ನನಗೆ.

ಬೇರೆ ರಾಜ್ಯಗಳಲ್ಲಿ ಜಗಳದ ಆಕಾರವೇ ಬೇರೆ. ವರ್ಜೀನಿಯಾದಲ್ಲಿ 1932ರ ಕಾಯ್ದೆಯಿಂದ ಹೆಚ್ಚಿನ ಕೌಂಟಿ ರಸ್ತೆಗಳು ರಾಜ್ಯದ ಕೈಗೆ ಹೋದವು. ಈಗ ಆರ್ಲಿಂಗ್ಟನ್, ಹೆನ್ರೈಕೊ ಕೌಂಟಿಗಳು ಮಾತ್ರ ತಮ್ಮ ರಸ್ತೆ ತಾವೇ ಇಟ್ಟುಕೊಂಡಿವೆ. ಉಳಿದ ಕಡೆ ಹಳ್ಳಿಯವರು ತಾವು ಆರಿಸಿದ ಕೌಂಟಿ ಸದಸ್ಯನನ್ನು ಬೈದು ಪ್ರಯೋಜನವಿಲ್ಲ, ಅವನೂ ರಾಜ್ಯದ ಇಲಾಖೆಗೆ ಫೋನ್ ಹಚ್ಚಬೇಕು. ನ್ಯೂಯಾರ್ಕ್ ರಾಜ್ಯದ ಟೌನ್‌ಗಳು ಕೆಲವು ರಸ್ತೆಗಳನ್ನು ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಹಿಮ ತೆಗೆಯದ ಪಟ್ಟಿಗೆ ಹಾಕಬಹುದು. ವರ್ಮಾಂಟ್‌ನಲ್ಲಿ ರಸ್ತೆಗೆ ನಾಲ್ಕು ದರ್ಜೆ. ಮೂರನೇ ದರ್ಜೆಯ ರಸ್ತೆಯಲ್ಲಿ ಸಾದಾ ಕಾರು ವರ್ಷವಿಡೀ ಓಡುವಂತಿರಬೇಕು, ನಾಲ್ಕನೇ ದರ್ಜೆಯದಕ್ಕೆ ಟೌನ್ ಹೊಣೆಯಿಲ್ಲ. ಅಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರವರು ಸಭೆ ಸೇರಿ ರಸ್ತೆಯ ಬಜೆಟ್ಟನ್ನು ತಾವೇ ಪಾಸು ಮಾಡುತ್ತಾರೆ. ಇನ್ನೂ ಹಿಮ ಕರಗಿರುವುದಿಲ್ಲ, ಕೋಪವೂ ಆರಿರುವುದಿಲ್ಲ. ಬಜೆಟ್ ಚರ್ಚೆಗೆ ಅದಕ್ಕಿಂತ ಒಳ್ಳೆ ಸಮಯ ಇನ್ನೊಂದಿಲ್ಲ.

ರಸ್ತೆ ಕೌಂಟಿಯದೇ ಆಗಿದ್ದರೂ ಹಿಮ ತೆಗೆಯಲೇಬೇಕೆಂದು ಕೋರ್ಟಿಗೆ ಹೋಗಿ ಗೆಲ್ಲುವುದು ಕಷ್ಟ. ತಾನಾಗಿ ಬಿದ್ದು ಕೂತ ಹಿಮ, ಮಂಜುಗಡ್ಡೆಗೆ ಸರ್ಕಾರ ಪರಿಹಾರ ಕೊಡಬೇಕಿಲ್ಲ ಅನ್ನುವುದು ಮಿಶಿಗನ್ ಕೋರ್ಟುಗಳ ಹಳೆಯ ನಿಲುವು. ಹಾಗಾಗಿ ಪ್ಲೋ ಬರುವುದು ಒಂದು ಸೇವೆ. ಹಕ್ಕು ಅಂತ ಪಟ್ಟು ಹಿಡಿದರೆ ಗಿಟ್ಟುವುದಿಲ್ಲ. ಹಳ್ಳಿಯವರ ಅಹವಾಲು ದುರ್ಬಲವಾಗುವುದು ಇಲ್ಲೇ. ಹಾಗಂತ ಅವರ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಆ್ಯಕ್ಟ್ 51ರ ಪ್ರಕಾರ ಕೌಂಟಿ ತನ್ನ ಲೆಕ್ಕಕ್ಕೆ ಬರುವ ರಸ್ತೆಗಳ ನಕ್ಷೆಯನ್ನು ದೃಢೀಕರಿಸಿ ರಾಜ್ಯಕ್ಕೆ ಕೊಡುತ್ತದೆ, ಹಣ ಹಂಚುವಾಗ ಆ ಮೈಲಿಗಳೂ ಲೆಕ್ಕಕ್ಕೆ ಬರುತ್ತವೆ. ನಮ್ಮ ರಸ್ತೆ ಆ ನಕ್ಷೆಯಲ್ಲಿದೆ, ಅದರ ಹೆಸರಲ್ಲಿ ದುಡ್ಡು ಬರುತ್ತಿದೆ, ಹಾಗಿದ್ದ ಮೇಲೆ ಪ್ಲೋ ಯಾವ ಹೊತ್ತಿಗೆ ಬರುತ್ತದೆ ಹೇಳಿ ಅಂತ ಕೇಳಬಹುದು. ಸುಮ್ನೆ ಕೂಗಾಡುವುದಕ್ಕಿಂತ ಈ ಪ್ರಶ್ನೆಗೆ ಬೆಲೆ ಜಾಸ್ತಿ. ಟೌನ್‌ಶಿಪ್‌ಗೆ ರಸ್ತೆ ಇಲ್ಲದಿದ್ದರೂ ಜನರ ಮತ ಪಡೆದು ಆಸ್ತಿ ತೆರಿಗೆ ಮೇಲೆ ಸಾವಿರ ಡಾಲರಿಗೆ ಒಂದೋ ಅರ್ಧವೋ ಡಾಲರ್ ಹೆಚ್ಚಿಗೆ ಎತ್ತಿ ಕೌಂಟಿಗೆ ಕೊಡಬಹುದು. ಬೇಸಿಗೆಯಲ್ಲಿ ಜಲ್ಲಿ ಹಾಕಿಸಲು, ಧೂಳು ಕೂರಿಸಲು ಬಹಳ ಟೌನ್‌ಶಿಪ್‌ಗಳು ಹೀಗೆ ಮಾಡುತ್ತವೆ. ರಸ್ತೆ ಸುಧಾರಣೆಯ ಖರ್ಚು ನಿವಾಸಿಗಳೇ ಹಂಚಿಕೊಳ್ಳುವ ದಾರಿ 1931ರಿಂದಲೇ ಇದೆ. ರಸ್ತೆಗೆ ಮುಖ ಮಾಡಿದ ಜಾಗದ ಒಟ್ಟು ಉದ್ದದಲ್ಲಿ 51% ಇರುವವರು ಸಹಿ ಹಾಕಿದರೆ ಅರ್ಜಿ ನಡೆಯುತ್ತದೆ. ಸಹಿ ಹಾಕದವರೂ ಪಾಲು ಕೊಡಬೇಕಾಗುತ್ತದೆ. ನೆರೆಹೊರೆಯಲ್ಲಿ ಮಾತು ಬಿಡಲು ಅಷ್ಟು ಸಾಕು.

ಇಲ್ಲಿಯವರೆಗೆ ಓದಿದವರಿಗೆ ನಾನು ಆಫೀಸಿನವರ ಪರ ಅನ್ನಿಸಿರಬಹುದು. ಪೂರ್ತಿ ಅಲ್ಲ. ಬೋರ್ಡ್ ನೋಡಿಯೂ ಅಗ್ಗದ ಜಾಗ ಕೊಂಡವರ ಬಗ್ಗೆ ನನಗೆ ಅಷ್ಟೇನೂ ಕನಿಕರವಿಲ್ಲ. ಆದರೆ ಎಲ್ಲರೂ ಹಾಗೆ ಬಂದವರಲ್ಲ. 2022ರ ಡಿಸೆಂಬರ್‌ನಲ್ಲಿ ದಕ್ಷಿಣ ಡಕೋಟಾದ ರೋಸ್‌ಬಡ್ ಮತ್ತು ಪೈನ್ ರಿಡ್ಜ್‌ನಲ್ಲಿ ಏನಾಯಿತು ನೋಡಿ. ಎರಡೂ ಮೂಲನಿವಾಸಿ ಲಕೋಟಾ ಜನರಿಗೆ ಬಿಟ್ಟ ನೆಲ. ಒಂದರ ಹಿಂದೆ ಒಂದು ಹಿಮಗಾಳಿ ಬಂದು ಮನೆಗಳು ದಿನಗಟ್ಟಲೆ ಹೊರಜಗತ್ತಿನಿಂದ ಕಡಿದುಹೋದವು. ಸೌದೆ, ಗ್ಯಾಸ್ ಮುಗಿಯುತ್ತಾ ಬಂತು. ಚಳಿ ತಡೆಯಲು ಜನ ಬಟ್ಟೆ ಸುಡುತ್ತಿದ್ದಾರೆ ಎಂದು ಬುಡಕಟ್ಟಿನ ನಾಯಕರು ಹೇಳಿದರು. ಕೊನೆಗೆ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆ ರೋಸ್‌ಬಡ್‌ಗೆ ಸೌದೆ ಹೊತ್ತುಕೊಂಡು ಹೋಗಬೇಕಾಯಿತು. ಅಲ್ಲಿನ ರಸ್ತೆಗಳಲ್ಲಿ ಕೆಲವು ರಾಜ್ಯದವು, ಕೆಲವು ಕೌಂಟಿಯವು, ಕೆಲವು ಕೇಂದ್ರ ಸರ್ಕಾರದ ಇಂಡಿಯನ್ (ಅಂದರೆ ಮೂಲನಿವಾಸಿ) ವ್ಯವಹಾರಗಳ ಇಲಾಖೆಯವು, ಕೆಲವು ಬುಡಕಟ್ಟು ಸರ್ಕಾರದವು. ಹೀಗೆ ಖಾತೆ ಚೂರುಚೂರಾದ ಕಡೆ, ಯಂತ್ರಗಳೂ ಕಡಿಮೆ ಇರುವ ಕಡೆ, ಆ ರಸ್ತೆ ನಮ್ಮದಲ್ಲ ಅನ್ನುವ ಮಾತಿಗೆ ಜೀವ ತೆಗೆಯುವ ಶಕ್ತಿಯಿದೆ. ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಹೋಗಬೇಕಾದವರಿಗೆ ರಸ್ತೆಯ ದರ್ಜೆ ಕಟ್ಟಿಕೊಂಡು ಏನಾಗಬೇಕು? ಆದ್ಯತೆಯ ಪಟ್ಟಿ ಮಾಡುವಾಗ ಎಷ್ಟು ವಾಹನ ಓಡುತ್ತವೆ ಎಂದು ಎಣಿಸುವುದು ಸುಲಭ. ಆ ರಸ್ತೆ ಬಿಟ್ಟರೆ ಬೇರೆ ದಾರಿಯೇ ಇಲ್ಲದವರು ಎಷ್ಟು ಎಂದೂ ಎಣಿಸಬೇಕು.

ಶಾಲೆಯ ಲೆಕ್ಕವೂ ಇದರಲ್ಲಿ ಸೇರಿದೆ. ಹಳ್ಳಿಗಾಡಿನ ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟ್ ಹಿಮದ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತಾನೇ ಕಾರಿನಲ್ಲಿ ರಸ್ತೆ ಸುತ್ತಿ ನೋಡುವುದುಂಟು. ಅವರು ನೋಡುವುದು ಹೆದ್ದಾರಿಯನ್ನಲ್ಲ, ಬಸ್ಸು ಹೋಗಬೇಕಾದ ಕೊನೆಯ ಜಲ್ಲಿ ರಸ್ತೆಯನ್ನು. ಅದೊಂದು ಆಗದಿದ್ದರೆ ಇಡೀ ಶಾಲೆಗೆ ರಜೆ. ಮಿಶಿಗನ್‌ನಲ್ಲಿ ಇಂಥ ರಜೆ ಆರು ದಿನದವರೆಗೆ ಮಾಫಿ, ವಿಶೇಷ ಅನುಮತಿ ಪಡೆದರೆ ಇನ್ನೂ ಮೂರು.

ನಮ್ಮ ಕನ್ನಡದ ಹುಡುಗರು ಡೆಟ್ರಾಯ್ಟ್ ಸುತ್ತಮುತ್ತ ಬಹಳ ಇದ್ದಾರೆ. ಕ್ಯಾಂಟನ್‌ನಂಥ ಟೌನ್‌ಶಿಪ್‌ನಲ್ಲಿ ಮನೆ ಕೊಂಡವರಿಗೆ ರಸ್ತೆ ಕೌಂಟಿಯದು, ಅಲ್ಲೇ ಹತ್ತಿರದ ನೋವಾಯ್‌ನಲ್ಲಿ ಕೊಂಡವರಿಗೆ ಅದು ನಗರಸಭೆಯದು. ಫೋನ್ ಮಾಡಬೇಕಾದ ನಂಬರೇ ಬೇರೆ. ಅಪ್ಪ ಅಮ್ಮ ಚಳಿಗಾಲದಲ್ಲಿ ಹೋದರೆ ಮೊದಲು ಕಾಣುವ ವಿಚಿತ್ರ ಇದು: ಮಗ ಬೆಳಿಗ್ಗೆ ಒಂದು ಗಂಟೆ ಬೆವರು ಸುರಿಸಿ ಡ್ರೈವ್‌ವೇ ತೆಗೆದು ಒಳಗೆ ಬಂದು ಕಾಫಿ ಹಿಡಿಯುತ್ತಾನೆ. ಅಷ್ಟರಲ್ಲಿ ಪ್ಲೋ ಬಂದು, ರಸ್ತೆಯ ಹಿಮವನ್ನೆಲ್ಲ ತಳ್ಳಿ, ಡ್ರೈವ್‌ವೇ ಬಾಯಿಗೆ ಸೊಂಟದೆತ್ತರದ ಗಟ್ಟಿ ಏರಿ ಹಾಕಿ ಹೋಗುತ್ತದೆ. ಅದನ್ನು ವಾಪಸ್ ರಸ್ತೆಗೆ ತಳ್ಳುವುದು ಅಪರಾಧ. ಹಳಬರು ಒಂದು ಉಪಾಯ ಹೇಳಿಕೊಡುತ್ತಾರೆ. ರಸ್ತೆಗೆ ಮುಖ ಮಾಡಿ ನಿಂತು, ತೆಗೆದ ಹಿಮವನ್ನೆಲ್ಲ ಬಲಕ್ಕೆ ಹಾಕಿ. ಎಡಕ್ಕೆ, ಡ್ರೈವ್‌ವೇಗಿಂತ ಮೊದಲು, ರಸ್ತೆಯ ಅಂಚಿನಲ್ಲಿ ಹತ್ತಡಿ ಜಾಗ ಖಾಲಿ ಮಾಡಿ ಇಡಿ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ, ಹಾಗಾಗಿ ಪ್ಲೋ ಎಡದಿಂದ ಬರುತ್ತದೆ. ಹೊತ್ತು ತಂದ ಹಿಮವನ್ನು ಆ ಗುಂಡಿಗೆ ಇಳಿಸಿ, ನಿಮ್ಮ ಬಾಗಿಲ ಮುಂದೆ ಹಗುರಾಗಿ ದಾಟುತ್ತದೆ.

ಹಳ್ಳಿ ಕಡೆ ಜಾಗ ನೋಡುವ ಯೋಚನೆ ಇದ್ದರೆ ರಸ್ತೆ ಯಾರದೆಂದು ಏಜೆಂಟನ್ನು ಕೇಳಬೇಡಿ, ಕೌಂಟಿಯ ನಕ್ಷೆ ನೋಡಿ. ಖಾಸಗಿ ಅಂದರೆ ನೆರೆಯವರ ನಡುವೆ ಬರಹದಲ್ಲಿ ಒಪ್ಪಂದ ಇದೆಯೇ, ಪ್ಲೋ ದುಡ್ಡು ಯಾರು ಕೂಡಿಸುತ್ತಾರೆ, ಕೊಡದವರನ್ನು ಏನು ಮಾಡುತ್ತಾರೆ ಎಂದು ಕೇಳಿ. ಆಮೇಲೆ ರಸ್ತೆಯ ಕೊನೆವರೆಗೆ ಒಮ್ಮೆ ನಡೆದು ಹೋಗಿ, ಅಲ್ಲಿ ದೊಡ್ಡ ಲಾರಿ ತಿರುಗಲು ಜಾಗ ಇದೆಯೇ ನೋಡಿ. ಆದರೆ ಜುಲೈನಲ್ಲಿ ಬೇಡ. ಜನವರಿಯಲ್ಲಿ, ಹಿಮ ಬಿದ್ದ ಮಾರನೇ ದಿನ ಹೋಗಿ.